ಹತ್ತಿಯ ಪ್ರತಿ

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯ ಮೇಲಿಟ್ಟು ಕೈಬಿಡದೆ ತಿರುವುತ್ತಿದ್ದರೆ ಒಂದು ಗಳಿಗೆಯಲ್ಲಿ ಹಸಿ ವಾಸನೆ ಹೋಗಿ ಬೆಂದ ವಾಸನೆ ಏಳುತ್ತದೆ. ಅಲ್ಲಿಗೆ ಅಂಟು ಸಿದ್ಧವಾಯಿತೆಂದು ಲೆಕ್ಕ. ಹುಳ ಹತ್ತದಂತೆ ಅದಕ್ಕೆ ಚಿಟಿಕೆ ಮೈಲುತುತ್ತದ ವಿಷ ಬೀಳುತ್ತದೆ. ಬಾಲ್ಯ ಎಂದರೆ ಅವಳಿಗೆ ಮೊದಲು ಬರುತ್ತಿದ್ದದ್ದು ಆ ವಾಸನೆಯೇ. ಬಾಣಲೆಯಲ್ಲಿ ಬೆಳ್ಳಗೆ ಹೊಳೆಯುವ ಅಂಟನ್ನು ಗಂಜಿಯೆಂದುಕೊಂಡು ಬೆರಳು ಅದ್ದಿ ಬಾಯಿಗಿಡಲು ಹೋಗಿ, ಅಜ್ಜಿಯ ಕೈಯಿಂದ ಬೆನ್ನಿಗೊಂದು ಗುದ್ದು ತಿಂದದ್ದೂ ಅದರ ಜೊತೆಗೇ ನೆನಪಾಗುತ್ತಿತ್ತು.

ಅಪ್ಪನಿಗೆ ಪುಸ್ತಕ ಕಟ್ಟುವ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಗೋಡೆಗೆ ಕಾಗದದ ಕಟ್ಟುಗಳನ್ನು ಆಳೆತ್ತರ ಪೇರಿಸಿರುತ್ತಿದ್ದರು. ಆ ರಾಶಿಗಳ ನಡುವೆ ಒಬ್ಬರು ಮಂಡಿ ಮಡಚಿ ಕೂರುವಷ್ಟು ಒಂದು ಮೂಲೆ. ಅದರೊಳಗೆ ಹೊಕ್ಕರೆ ಬೀದಿಯ ಸದ್ದನ್ನೆಲ್ಲ ಕಾಗದ ನುಂಗಿಬಿಡುತ್ತಿತ್ತು. ಐದು ವರ್ಷದವಳಿದ್ದಾಗ ಎದುರುಮನೆಯವರು ಧ್ವನಿವರ್ಧಕ ಹಾಕಿಸಿದ ದಿನ ಅವಳು ತಾನಾಗಿಯೇ ಆ ಮೂಲೆ ಹುಡುಕಿಕೊಂಡಿದ್ದಳು. ಕಿವಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ಕೂತಿದ್ದ ಮಗಳ ಪಕ್ಕ ಅಪ್ಪ ಹೇಗೋ ಮೈ ಹಿಡಿಮಾಡಿಕೊಂಡು ಕೂತ.

"ಸದ್ದು ಬಂದಾಗ ನೀನೂ ಒಂದು ಸದ್ದು ಮಾಡು ಪುಟ್ಟಿ. ನಮ್ಮ ಸದ್ದು ನಮ್ಮನ್ನ ಕಚ್ಚಲ್ಲ."

ಹೊಲಿಗೆ ಹಾಕುವಾಗ ಅಪ್ಪ ಒಂದು ರಾಗ ಗುನುಗುವುದಿತ್ತು. ರಾಗವೆಂದರೆ ರಾಗವೂ ಅಲ್ಲ, ಹಿಂದಿಲ್ಲ ಮುಂದಿಲ್ಲದ ನಾಲ್ಕು ಸ್ವರ. ದಬ್ಬಳ ಒಳಗೆ ಹೋಗುವಾಗ ಎರಡು, ಹೊರಗೆ ಬರುವಾಗ ಎರಡು. ಅದನ್ನೇ ಹೇಳಿಕೊಟ್ಟ. ಅವತ್ತಿನಿಂದ ಕಾಗದ ಕತ್ತರಿಸುವ ಯಂತ್ರದ ಅಲಗು ಬೀಳುವ ಮುಂಚೆ, ಬಸ್ಸಿನಲ್ಲಿ ಹಾಡು ಹಾಕಿದಾಗ, ನೆರೆಯವರು ಕಬ್ಬಿಣದ ಬಾಗಿಲು ಎಳೆದಾಗ, ಅವಳು ತುಟಿ ಮುಚ್ಚಿ ಆ ನಾಲ್ಕು ಸ್ವರ ಗುನುಗುತ್ತಿದ್ದಳು. ಎದೆಯೊಳಗೆ ಅದು ನಡುಗುತ್ತಿರುವಷ್ಟು ಹೊತ್ತು ಹೊರಗಿನದು ಹೊರಗೇ ನಿಲ್ಲುತ್ತಿತ್ತು.

ಡಾಕ್ಟರು ನೋಡಿ, "ಕಿವಿ ಚೆನ್ನಾಗಿದೆ. ಬೇಕಾದ್ದಕ್ಕಿಂತ ಜಾಸ್ತೀನೇ ಚೆನ್ನಾಗಿದೆ" ಎಂದಿದ್ದರು. ಯಾವಾಗಲೂ ಕಿವಿಗೆ ಹತ್ತಿ ತುರುಕಿಕೊಂಡಿರುತ್ತಿದ್ದ ತಂಗಿಗೆ ಅಣ್ಣ 'ಹತ್ತಿ' ಎಂದು ಹೆಸರಿಟ್ಟ. ಮನೆಯವರ ಬಾಯಲ್ಲಿ ಅದೇ ಉಳಿಯಿತು.

ಮನೆ ಅವಳಿಗೆ ತಕ್ಕಂತೆ ಬಗ್ಗಿತು. ಕುರ್ಚಿಗಳ ಕಾಲಿಗೆ ರಬ್ಬರ್ ಬಂತು. ಆಸ್ಪತ್ರೆಯ ಅಡುಗೆಮನೆಯಲ್ಲಿ ಇಡೀ ದಿನ ಸ್ಟೀಲ್ ತಟ್ಟೆಗಳ ಗಲಾಟೆಯಲ್ಲಿ ದುಡಿದು ಬರುತ್ತಿದ್ದ ಅಮ್ಮ, ಮನೆಯಲ್ಲಿ ಮರದ ಸೌಟು ಹಿಡಿಯುತ್ತಿದ್ದಳು, ಕುಕ್ಕರಿನ ಸೀಟಿ ಬೇಡವೆಂದು ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸುತ್ತಿದ್ದಳು. ಎಲ್ಲ ಕೇಳುವ ಮೊಮ್ಮಗಳ ಜೊತೆಗೆ ಏನೂ ಕೇಳದ ಅಜ್ಜಿಯೂ ಅದೇ ಮನೆಯಲ್ಲಿದ್ದದ್ದು ದೇವರ ತಮಾಷೆ. ಅಜ್ಜಿಗೆ ಏನಾದರೂ ಹೇಳಬೇಕಾದರೆ ಹಿತ್ತಿಲಿಗೆ ಕರೆದುಕೊಂಡು ಹೋಗಿ ಕೂಗಬೇಕಿತ್ತು.

"ಮಾತ್ರೆ ತಗೊಂಡ್ರಾ ಅಂತ ಕೇಳೋಕೆ ನನ್ನನ್ನ ಬಿಸಿಲಿಗೆ ಎಳ್ಕೊಂಡು ಬಂದ್ಯಾ?" ಎಂದು ಅಜ್ಜಿ ಸೊಸೆಯನ್ನು ಬೈಯುತ್ತಿದ್ದಳು.

ಇಂಥ ಮನೆಯಲ್ಲಿ ಬೆಳೆದ ಅಣ್ಣ ಹಾಡಿನ ಹುಚ್ಚಿಗೆ ಬಿದ್ದ. ಓದು ಮುಗಿಸಿದ ಮೇಲೆ ಒಂದು ಸ್ಟುಡಿಯೋ ಸೇರಿ, ಬೇರೆಯವರ ಧ್ವನಿಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸುವ ಕೆಲಸ ಕಲಿತ. "ನಿಂದೂ ನಂದೂ ಒಂದೇ ಕಸುಬು ಅಪ್ಪಾ, ನಂಗೆ ಮೈದಾ ಖರ್ಚಿಲ್ಲ ಅಷ್ಟೇ" ಎನ್ನುತ್ತಿದ್ದ. ಅಜ್ಜಿ ಅವನನ್ನು 'ಸಂಗೀತಗಾರ ಸಾಹೇಬ್ರು' ಎಂದು ಕರೆಯುತ್ತಿದ್ದಳು.

ಸ್ವಂತಕ್ಕೊಂದು ಹಾಡು ಮಾಡಿದಾಗಲೆಲ್ಲ ಅವನು ಅದನ್ನು ಮೊದಲು ತರುತ್ತಿದ್ದದ್ದು ತಂಗಿಯ ಹತ್ತಿರ. ಇಬ್ಬರೂ ಕಾಗದದ ರಾಶಿಗೆ ಒರಗಿ ಕೂರುತ್ತಿದ್ದರು. ಅವನು ಸದ್ದನ್ನು ಆದಷ್ಟೂ ಇಳಿಸಿ ಹಾಕುತ್ತಿದ್ದ.

"ಎಲ್ಲಿ ಚುಚ್ಚುತ್ತೆ ಹೇಳು."

ಅವಳು ಬೆರಳೆತ್ತುತ್ತಿದ್ದಳು. ಚಪ್ಪಾಳೆಯ ಸದ್ದು ಸೂಜಿಯಂತೆ, ತಾಳದ ತಟ್ಟೆಯ 'ಛಸ್' ಹಲ್ಲಿನ ಬುಡಕ್ಕೆ. ಎಲ್ಲ ನಿಂತಂತೆ ಮಾಡಿ ಒಮ್ಮೆಗೇ ಮೇಲೆ ಬೀಳುವ ಡೋಲನ್ನಂತೂ ಅವಳು ನೆಲದಿಂದಲೇ ತಿಳಿಯುತ್ತಿದ್ದಳು. ಅಂಥ ಕಡೆಯನ್ನೆಲ್ಲ ಅವನು ಗುರುತು ಮಾಡಿಕೊಂಡು, ಎರಡು ದಿನ ಬಿಟ್ಟು ಅವಳಿಗಾಗಿ ಬೇರೊಂದು ಮೆತ್ತನೆಯ ಹಾಡು ತಂದುಕೊಡುತ್ತಿದ್ದ. ಅದು 'ಹತ್ತಿಯ ಪ್ರತಿ'. ಲೋಕದಲ್ಲಿ ಯಾರ ಅಣ್ಣನೂ ಯಾರಿಗೂ ಇಂಥದ್ದನ್ನು ಮಾಡಿಕೊಟ್ಟಿರಲಾರ ಎಂದು ಅವಳು ನಂಬಿದ್ದಳು. ಇಪ್ಪತ್ಮೂರು ವರ್ಷದ ಅವಳಿಗೆ ಹಾಡೆಂದರೆ ಅವನು ಕೊಟ್ಟಷ್ಟೇ.

ಆ ವರ್ಷ ಅವನು ಒಂದು ಹೊಸ ಹಾಡು ತಂದ. ಈ ಸಲ ಎಲ್ಲಿ ಚುಚ್ಚುತ್ತದೆಂದು ಕೇಳಲೇ ಇಲ್ಲ, ನೇರವಾಗಿ ಅವಳ ಪ್ರತಿಯನ್ನೇ ಕೊಟ್ಟ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಚೆನ್ನಾಗಿದೆ. ಆದರೆ ಪಲ್ಲವಿ ಆದ್ಮೇಲೆ ಏನೋ ಖಾಲಿ ಇದೆಯಲ್ಲ ಅಣ್ಣ? ಮೆಟ್ಟಿಲು ತಪ್ಪಿದ ಹಾಗೆ."

"ಅಲ್ಲಿ ನಿಂಗೆ ಆಗದ ಸದ್ದಿತ್ತು. ತೆಗೆದುಬಿಟ್ಟೆ."

"ಒಳ್ಳೇದು ಮಾಡ್ದೆ" ಎಂದಳು.

ಆ ಹಾಡು ಊರನ್ನೆಲ್ಲ ಹತ್ತಿಕೊಂಡಿತು. ಸ್ಟುಡಿಯೋ ಅದನ್ನು ದೊಡ್ಡ ಕಂಪನಿಯೊಂದಕ್ಕೆ ಮಾರಿತು. ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಫೋನುಗಳ ರಿಂಗ್‌ಟೋನಿನಲ್ಲಿ, ಎಲ್ಲೆಲ್ಲೂ ಅದೇ. ಅಪ್ಪ ಗಿರಾಕಿಗಳ ಮುಂದೆ, "ನಮ್ಮ ಹುಡುಗನದ್ದೇ" ಎಂದು ಎದೆಯುಬ್ಬಿಸುತ್ತಿದ್ದ. ಹತ್ತಿ ಎಂದಿನಂತೆ ಕಿವಿ ಮುಚ್ಚಿಕೊಂಡು, ತನ್ನ ನಾಲ್ಕು ಸ್ವರ ಗುನುಗುತ್ತಾ ಬೀದಿ ದಾಟುತ್ತಿದ್ದಳು. ಬೀದಿಯಲ್ಲಿ ಏನು ಹಾಡುತ್ತಿದೆಯೆಂದು ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಕಂಡುಹಿಡಿದದ್ದು ಅಜ್ಜಿ.

ಹಿತ್ತಿಲಿನಲ್ಲಿ ಬೀನ್ಸ್ ಸೋಸುತ್ತಾ ಕೂತಿದ್ದ ಅಜ್ಜಿಗೆ ಪಕ್ಕದ ಮನೆಯಾಕೆ, "ನೋಡಿ, ನಿಮ್ಮ ಮೊಮ್ಮಗನ ಹಾಡು!" ಎಂದು ಫೋನನ್ನು ಕೊಟ್ಟಿದ್ದಳು. ಅಜ್ಜಿ ಅದನ್ನು ಕಿವಿಗಿಟ್ಟಳು, ಏನೂ ಕೇಳಲಿಲ್ಲ. ಎದೆಯ ಮೂಳೆಗೆ ಒತ್ತಿ ಹಿಡಿದಳು. ಒಗೆದ ಬಟ್ಟೆ ಹರವಲು ಬಂದ ಮೊಮ್ಮಗಳಿಗೆ ಆಕೆಯ ಬೊಚ್ಚುಬಾಯಿ ನಗು ಕಂಡಿತು.

"ಏ ಹತ್ತಿ, ನೀನ್ಯಾವಾಗ ಹಾಡಿಗೆ ಸೇರ್ಕೊಂಡ್ಯೇ? ನಂಗೆ ಹೇಳೇ ಇಲ್ಲ!"

"ನಾನಾ? ಇಲ್ಲ ಅಜ್ಜಿ" ಎಂದು ತಲೆಯಾಡಿಸಿದಳು.

"ನನ್ನ ಕಿವಿ ಕೆಟ್ಟಿರಬಹುದು ಕಣೇ, ಎದೆ ಕೆಟ್ಟಿಲ್ಲ. ಎಷ್ಟು ವರ್ಷ ಇದರ ಮೇಲೆ ಮಲಗಿ ಊಂ ಊಂ ಅಂದಿದ್ದೀಯ ನೀನು. ಇದು ನೀನೇ."

ಹತ್ತಿ ಒದ್ದೆ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಕಿವಿಯ ಹತ್ತಿ ತೆಗೆದಳು. ಹಾಡು ಪಲ್ಲವಿಗೆ ಬಂದಿತ್ತು. ಚಪ್ಪಾಳೆ ಚುಚ್ಚಿತು, ಡೋಲು ಬಿತ್ತು. ಆಮೇಲೆ ತನಗೆ ಖಾಲಿ ಎನ್ನಿಸಿದ್ದ ಆ ಜಾಗದಲ್ಲಿ, ಮುಚ್ಚಿದ ತುಟಿಯೊಳಗಿನಿಂದ, ಅಳು ತಡೆದುಕೊಂಡ ಹುಡುಗಿಯೊಬ್ಬಳ ನಾಲ್ಕು ಸ್ವರ. ನಡುವೆ ಒಂದು ಬಿಕ್ಕು ಕೂಡ. ಆ ಬಿಕ್ಕಿನ ಮೇಲೇ ಸರಿಯಾಗಿ ತಾಳ ಕೂರಿಸಿದ್ದರು.

ಮಣ್ಣಿಗೆ ಬಿದ್ದ ಬಟ್ಟೆಯನ್ನು ಪಕ್ಕದ ಮನೆಯಾಕೆ ಎತ್ತಿ, ಮತ್ತೆ ಜಾಲಿಸಿ ಹಿಂಡಿ ಹಗ್ಗಕ್ಕೆ ಹಾಕಿಹೋದಳು.

ಸಂಜೆ ಊಟಕ್ಕೆ ಎಲ್ಲರೂ ಕೂತಾಗ ಅವಳು ಕೇಳಿದಳು. ಅಣ್ಣ ತಟ್ಟೆಯಿಂದ ಮುಖ ಎತ್ತಲಿಲ್ಲ.

"ರಸ್ತೆ ಅಗೆಯೋ ಯಂತ್ರ ಬಂದಿತ್ತಲ್ಲ, ಆವತ್ತು. ಹೊರಗಿನ ಸದ್ದು ಬರಲ್ಲ ಅಂತ, ಹಾಡೋಕೆ ಬರಬೇಕಿದ್ದ ಹುಡುಗಿಗೆ ಆ ಮೂಲೇಲಿ ಮೈಕ್ ಕಟ್ಟಿದ್ದೆ. ನೀನು ಓಡಿ ಬಂದು ಕೂತ್ಕೊಂಡೆ. ಅದು ತಾನಾಗೇ ಹಿಡೀತು."

"ತಾನಾಗೇ ಹಾಡಿಗೂ ಹೋಯ್ತಾ?"

"ಸ್ಟುಡಿಯೋದಲ್ಲಿ ಎಲ್ಲರೂ ಅದೇ ಬೇಕು ಅಂದ್ರು ಹತ್ತಿ. ಅದನ್ನ ತೆಗೆದ್ರೆ ಹಾಡು ಸಪ್ಪೆ."

"ಅವಳು ನೋವಿಗೆ ನರಳಿದ್ದನ್ನ ಹಾಡಿಗೆ ಹಾಕಿದ್ಯಲ್ಲೋ!" ಎಂದಳು ಅಮ್ಮ.

"ನರಳಿದ್ದಲ್ಲಮ್ಮ, ಚೆನ್ನಾಗಿತ್ತು! ನಿಮಗ್ಯಾರಿಗೂ ಕಾಣಲಿಲ್ಲ, ನಂಗೆ ಕಾಣಿಸ್ತು. ತಪ್ಪು ಅಂತ ನಂಗೆ ಅನ್ನಿಸಲೇ ಇಲ್ಲ."

ಹತ್ತಿ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ಅನ್ನಿಸಲಿಲ್ಲ ಅಂದ್ರೆ ನನ್ನ ಪ್ರತಿಯಿಂದ ಅದನ್ನ ಯಾಕೆ ತೆಗೆದೆ?"

ಅವನು ಬಾಯಿ ತೆರೆದ. ಬಂದದ್ದು ಬೇರೆಯೇ ಮಾತು.

"ಈ ಮನೇಲಿ ನಾನು ಜೋರಾಗಿ ನಕ್ಕಿದ್ದೀನಾ? ಒಂದು ರೇಡಿಯೋ ಇತ್ತಾ? ಸ್ನೇಹಿತರು ಬಂದ್ರೆ ಬಾಗಿಲಲ್ಲೇ ಶ್ ಅಂತಿದ್ರಿ. ಹಾಡು ಕೇಳಬೇಕು ಅಂದ್ರೆ ಬಸ್‌ಸ್ಟಾಂಡಿಗೆ ಹೋಗಿ ನಿಲ್ತಿದ್ದೆ, ಗೊತ್ತಾ? ಎಲ್ಲಾ ಇವಳಿಗೆ. ಇವಳಿಂದ ನಂಗೆ ಒಂದೇ ಒಂದು ಸಿಕ್ತು, ತಗೊಂಡೆ."

"ನಾನು ಇಪ್ಪತ್ತು ವರ್ಷದಿಂದ ಸದ್ದಿಲ್ಲದೆ ಪಾತ್ರೆ ತೊಳೀತಿದ್ದೀನಿ" ಎಂದಳು ಅಮ್ಮ. "ಅದಕ್ಕೆ ಯಾರ ಹತ್ರಾನೂ ಏನೂ ಕಿತ್ಕೊಂಡಿಲ್ಲ."

"ಕಿತ್ಕೊಂಡಿಲ್ಲಮ್ಮ. ಕೇಳೇ ತಗೊಂಡಿದ್ದು."

"ಯಾರನ್ನ?"

ಅಣ್ಣ ಅಪ್ಪನ ಕಡೆ ನೋಡಿದ. ಅಪ್ಪ ಅನ್ನದೊಳಗೆ ಕೈಯಿಟ್ಟು ಹಾಗೇ ಕೂತಿದ್ದ.

"ರೀ?" ಎಂದಳು ಅಮ್ಮ.

"ನನ್ನ ಗುನುಗು ತಾನೇ ಅದು" ಎಂದ ಅಪ್ಪ. "ನಾನೇ ಅವಳಿಗೆ ಹೇಳಿಕೊಟ್ಟಿದ್ದು. ಹಾಕ್ಕೊಳ್ಳಲಾ ಅಂತ ಕೇಳ್ದ. ಹಾಕ್ಕೊ ಅಂದೆ. ಅವಳಿಗೆ ಸುಮ್ನೆ ಯಾಕೆ ಹೇಳೋದು ಅಂತಾನೂ ನಾನೇ ಅಂದೆ. ನಂದು ಅಂದ್ಕೊಂಡು ಕೊಟ್ಟೆ ಪುಟ್ಟಿ."

ಏನೂ ಕೇಳಿಸದ ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿ, "ಯಾರೂ ತಿಂತಿಲ್ಲ ಯಾಕೆ? ಉಪ್ಪು ಜಾಸ್ತಿಯಾಯ್ತಾ?" ಎಂದಳು. ಹತ್ತಿ ಎದ್ದು ತನ್ನ ತಟ್ಟೆ ತೊಳೆದಳು. ಮೊದಲ ಬಾರಿಗೆ ಸದ್ದಾಗುವಂತೆ ತೊಳೆದಳು. ಆ ಸದ್ದಿಗೆ ಅವಳ ಭುಜವೇ ಮೇಲೆ ಹಾರಿತು.

ಆಮೇಲಿನ ವಾರಗಳಲ್ಲಿ ಮನೆಯ ಕೆಲಸವೇನೂ ನಿಲ್ಲಲಿಲ್ಲ. ಅಮ್ಮ ಬೆಳಿಗ್ಗೆ ಬೇಳೆ ಬೇಯಿಸಿಟ್ಟು ಆಸ್ಪತ್ರೆಗೆ ಹೋಗುತ್ತಿದ್ದಳು. ಹತ್ತಿ ಕಾಗದ ಮಡಚುತ್ತಿದ್ದಳು, ರಟ್ಟಿಗೆ ಅಂಟು ಬಳಿಯುತ್ತಿದ್ದಳು. ಅಪ್ಪನಿಗೆ ಬೇಕಾದ್ದನ್ನು ಕೇಳುವ ಮುಂಚೆಯೇ ಕೊಡುತ್ತಿದ್ದಳು, ಆದ್ದರಿಂದ ಮಾತಾಡುವ ಪ್ರಮೇಯವೇ ಬರುತ್ತಿರಲಿಲ್ಲ. ಅಣ್ಣ ಬೇಗ ಹೋಗಿ ತಡವಾಗಿ ಬರತೊಡಗಿದ.

"ಹಾಡಿಂದ ಅದನ್ನ ತೆಗೆಸು" ಎಂದು ಅಮ್ಮ ಒಂದು ದಿನ ಅವನನ್ನು ಬಾಗಿಲಲ್ಲೇ ಹಿಡಿದಳು.

"ಅದು ಈಗ ನಂದಲ್ಲಮ್ಮ. ಕಂಪನಿಯದ್ದು."

"ಅವಳದ್ದು ನಿಮ್ಮಪ್ಪಂದು. ನಿಮ್ಮಪ್ಪಂದು ನಿಂದು. ನಿಂದು ಕಂಪನಿಯದ್ದು. ಚೆನ್ನಾಗಿದೆ ಕಣಪ್ಪಾ ನಿಮ್ಮ ವ್ಯವಹಾರ."

ಗ್ರಂಥಾಲಯದ ಮೇಡಂ ಹರಿದ ಪುಸ್ತಕಗಳ ಕಟ್ಟು ತಂದದ್ದು ಆ ದಿನಗಳಲ್ಲೇ. ಒಳ್ಳೆಯ ಹೆಂಗಸು. ತಮ್ಮ ಚಪ್ಪಲಿ ಟಕಟಕ ಎನ್ನುತ್ತದೆಂದು ಅದನ್ನು ಹೊಸಿಲಾಚೆಯೇ ಬಿಟ್ಟು, ಬರಿಗಾಲಲ್ಲಿ ಬಂದು ಪಿಸುಮಾತಿನಲ್ಲೇ ಲೆಕ್ಕ ಹೇಳುವವರು. ಅವರು ಇರುವಾಗಲೇ ಅಪ್ಪ, ಮಗಳನ್ನು ಎಚ್ಚರಿಸಲು ಮರೆತು, ಕಾಗದ ಕತ್ತರಿಸುವ ಯಂತ್ರದ ಹಿಡಿಗೆ ಕೈ ಹಾಕಿದ. ಅಲಗು ಏಳುತ್ತಿದ್ದಂತೆ ಹತ್ತಿ ತನಗರಿವಿಲ್ಲದೆ ತುಟಿ ಮುಚ್ಚಿ ಗುನುಗಿದಳು.

ಮೇಡಂ ಮುಖ ಅರಳಿತು. "ಅಯ್ಯೋ, ನಿಮ್ಮನ್ನೂ ಆ ಹಾಡು ಹಿಡ್ಕೊಂಡ್‌ಬಿಡ್ತಾ! ನನ್ನ ಮಕ್ಕಳಂತೂ ಸ್ನಾನದ ಮನೇಲೂ ಅದೇ." ಎಂದವರೇ ತಾವೂ ಮೆಲ್ಲಗೆ ಆ ನಾಲ್ಕು ಸ್ವರ ಹಾಡಿ ತೋರಿಸಿದರು. ಬಿಕ್ಕನ್ನೂ ಬಿಡಲಿಲ್ಲ.

ಹತ್ತಿಯ ಗುನುಗು ಅಲ್ಲಿಗೆ ನಿಂತಿತು. ಅಲಗು ಬಿತ್ತು. ಅವಳು ಅದನ್ನು ಮೈ ತುಂಬ ಕೇಳಿಸಿಕೊಂಡು, ಮೇಜಿನ ಅಂಚು ಹಿಡಿದು ನಿಂತಳು. ಮೇಡಂ ಹೋದ ಮೇಲೆ ಮೂಲೆಗೆ ಹೋಗಿ ಕೂತು ಪ್ರಯತ್ನಿಸಿದಳು. ಮೊದಲ ಎರಡು ಸ್ವರ ಬರುತ್ತಲೇ ಅದರ ಹಿಂದೆ ಚಪ್ಪಾಳೆಯೂ ಡೋಲೂ ತಾವಾಗಿ ಬಂದವು. ಹೊರಗಿನದನ್ನು ಹೊರಗಿಡುತ್ತಿದ್ದ ಬಾಗಿಲಿನಿಂದಲೇ ಈಗ ಎಲ್ಲ ಒಳಗೆ ಬರುತ್ತಿತ್ತು.

ಅಂದಿನಿಂದ ಅವಳು ಗುನುಗಲಿಲ್ಲ. ಬಸ್ಸು ಬಿಟ್ಟು ನಡೆದು ಹೋಗತೊಡಗಿದಳು. ಆಮೇಲೆ ನಡೆಯುವುದನ್ನೂ ಬಿಟ್ಟಳು. ಅಂಟಿಗೆ ಮೈದಾ ತರಲೂ ಅಮ್ಮನೇ ಹೋಗಬೇಕಾಯಿತು.

ಅಣ್ಣ ಒಂದು ದಿನ ದೊಡ್ಡ ಡಬ್ಬಿಯೊಂದನ್ನು ತಂದು ಅವಳ ಮುಂದಿಟ್ಟ. ಕಿವಿಗೆ ಮುಚ್ಚಿಕೊಳ್ಳುವ ದಪ್ಪನೆಯ ಹೆಡ್‌ಫೋನು, ಹೊರಗಿನ ಸದ್ದನ್ನು ಕೊಲ್ಲುವಂಥದ್ದು. ಬೆಲೆ ಎಷ್ಟೆಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಡಬ್ಬಿ ಅಲ್ಲೇ ಇತ್ತು. ಎರಡು ದಿನದ ಮೇಲೆ ನೋಡಿದರೆ ಅಜ್ಜಿ ಅದನ್ನು ತಲೆಗೇರಿಸಿಕೊಂಡು ಬೀನ್ಸ್ ಸೋಸುತ್ತಿದ್ದಳು.

"ಬೆಚ್ಚಗಿದೆ ಕಣೇ. ಗಾಳಿ ಹೋಗಲ್ಲ" ಎಂದಳು.

ಹತ್ತಿಗೆ ನಗು ಬಂದುಬಿಟ್ಟಿತು. ಒಳಗಿನಿಂದ ಅಣ್ಣನೂ ನಕ್ಕದ್ದು ಕೇಳಿಸಿತು. ತಕ್ಷಣ ಅವಳ ನಗು ನಿಂತಿತು.

ಆ ನಗುವನ್ನೇ ಅವನು ಒಪ್ಪಿಗೆಯೆಂದು ತಿಳಿದನೇನೋ. ಭಾನುವಾರ ಮಧ್ಯಾಹ್ನ, ಅಂಗಡಿಯ ಬಾಗಿಲು ಹಾಕಿದ್ದಾಗ, ಮೂಲೆಯ ಹತ್ತಿರ ಬಂದು ನಿಂತ. ಕೈಯಲ್ಲಿ ಫೋನಿತ್ತು.

"ಕಂಪನಿಯವರು ಎರಡನೇ ಹಾಡು ಕೇಳಿದ್ದಾರೆ. ನಾಳೆ ಕೊಡಬೇಕು. ಇದರಲ್ಲಿ ನಿಂದು ಏನೂ ಇಲ್ಲ ಹತ್ತಿ, ಆಣೆ. ಒಂದ್ಸಲ ಕೇಳು ಅಷ್ಟೇ."

"ನಿಮ್ಮ ಸ್ಟುಡಿಯೋದಲ್ಲಿ ಕಿವಿ ಇರೋರು ಯಾರೂ ಇಲ್ವಾ?"

"ಅವರಿಗೆ ಎಲ್ಲಾನೂ ಚೆನ್ನಾಗೇ ಇರುತ್ತೆ. ನಿಂಗೆ ಎಲ್ಲಿ ಚುಚ್ಚುತ್ತೋ ಅಲ್ಲೇ ಜನ ಹಿಡ್ಕೊಳ್ಳೋದು. ನೀನು ಬೆರಳೆತ್ತಿದ ಕಡೆ ನಾನು ಇನ್ನೂ ಸ್ವಲ್ಪ..." ಅಷ್ಟಕ್ಕೇ ನಿಲ್ಲಿಸಿದ.

ಹತ್ತಿ ಅವನ ಮುಖ ನೋಡಿದಳು. ಇಷ್ಟು ವರ್ಷ ಅವಳು ಬೆರಳೆತ್ತಿ ತೋರಿಸಿದ ಜಾಗಗಳನ್ನು ಅವನು ಅವಳ ಪ್ರತಿಯಲ್ಲಿ ಮೆತ್ತಗೆ ಮಾಡಿ, ಊರಿನ ಪ್ರತಿಯಲ್ಲಿ ಇನ್ನಷ್ಟು ಮೊನಚು ಮಾಡಿದ್ದ. ಬಸ್ಸಿನಲ್ಲಿ ಅವಳನ್ನು ಚುಚ್ಚಿದ್ದೆಲ್ಲ ಅವಳೇ ತೋರಿಸಿಕೊಟ್ಟದ್ದು.

"ಹಾಕು" ಎಂದಳು.

ಅವನು ಸದ್ದು ಇಳಿಸಲು ಹೋದ.

"ಇಳಿಸಬೇಡ. ಎಲ್ಲರೂ ಕೇಳೋ ಹಾಗೇ ಹಾಕು."

ಹಾಡು ಶುರುವಾಯಿತು. ಅವಳು ಬೆನ್ನನ್ನು ಕಾಗದಕ್ಕೆ ಒತ್ತಿ, ಕೈಗಳನ್ನು ಮಡಿಲಲ್ಲಿಟ್ಟು, ಕಣ್ಣು ತೆರೆದು ಅವನನ್ನೇ ನೋಡುತ್ತಾ ಕೂತಳು. ಚಪ್ಪಾಳೆ ಬಂತು. ರೆಪ್ಪೆ ಬಡಿಯಲಿಲ್ಲ. ತಾಳದ ತಟ್ಟೆ ಹಲ್ಲಿನ ಬುಡಕ್ಕೆ ಇಳಿಯಿತು. ಎಲ್ಲ ನಿಂತಂತಾಗಿ ಡೋಲು ಮೈಮೇಲೆ ಬಿತ್ತು. ಕಣ್ಣಿನಲ್ಲಿ ನೀರು ನಿಂತಿತಾದರೂ ಕೆಳಗಿಳಿಯಲು ಅವಳು ಬಿಡಲಿಲ್ಲ. ಬೆರಳು ಏಳಲಿಲ್ಲ. ಅಣ್ಣ ಅವಳ ಬೆರಳನ್ನೇ ನೋಡುತ್ತಿದ್ದ, ಅದರ ಉಗುರು ಬೆಳ್ಳಗಾಗಿರುವುದು ಅವನಿಗೂ ಕಾಣುತ್ತಿತ್ತು.

ಹಾಡು ಮುಗಿಯಿತು.

"ಎಲ್ಲಿ?" ಎಂದ.

"ಎಲ್ಲೂ ಇಲ್ಲ."

"ಸುಳ್ಳು ಹೇಳಬೇಡ ಹತ್ತಿ."

"ಚೆನ್ನಾಗಿದೆ. ಕೊಟ್ಟುಬಿಡು."

"ನೋಡು, ನಾನು ಬೇಕಾದ್ರೆ..."

"ಚೆನ್ನಾಗಿದೆ ಅಂದ್ನಲ್ಲ ಅಣ್ಣ."

ಅವನು ಫೋನನ್ನು ಜೇಬಿಗಿಟ್ಟುಕೊಂಡು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತ. ಬಾಗಿಲ ಸಂದಿಯಿಂದ ಅವನ ಬೆನ್ನು ಕಾಣುತ್ತಿತ್ತು. ಚಿಕ್ಕವನಿದ್ದಾಗ ಬಸ್‌ಸ್ಟಾಂಡಿನಿಂದ ಬಂದವನು ಒಳಗೆ ಬರುವ ಮುಂಚೆ ಹಾಗೇ ಅಲ್ಲಿ ಕೂತು, ಹಾಡನ್ನು ಬಾಯಿಬಿಡದೆ ಮುಗಿಸಿಕೊಂಡು ಬರುತ್ತಿದ್ದದ್ದು ಅವಳಿಗೆ ನೆನಪಾಯಿತು. ಆದರೂ ಕರೆಯಲಿಲ್ಲ. ಹೊರಗಿನ ಸದ್ದು ನಿಂತಿದ್ದರೂ ಹಾಡು ತಲೆಯೊಳಗೆ ಇನ್ನೂ ಬಡಿಯುತ್ತಲೇ ಇತ್ತು. ಅವಳು ಕಿವಿ ಮುಚ್ಚಿಕೊಂಡು, ಗುನುಗಲು ಏನೂ ಇಲ್ಲದೆ, ಮಂಡಿಗೆ ಹಣೆ ಕೊಟ್ಟು ಕೂತಳು.

ಬೆಂದ ಮೈದಾದ ವಾಸನೆ ಬಂತು. ತಲೆಯೆತ್ತಿದಳು.

ಅಪ್ಪ ತಟ್ಟೆ ಹಿಡಿದು ನಿಂತಿದ್ದ. ಅನ್ನ, ಬೇಳೆ, ಬೇಯಿಸಿದ ಆಲೂಗಡ್ಡೆ. ಸ್ಟೀಲಿನ ಚಮಚದ ಬದಲು ಅಮ್ಮನ ಪುಟ್ಟ ಮರದ ಸೌಟು. ಅವನು ಮೊದಲಿನಂತೆ ಮೈ ಹಿಡಿಮಾಡಿಕೊಂಡು ಒಳಗೆ ಕೂರಲು ಬರಲಿಲ್ಲ, ರಾಶಿಯ ಅಂಚಿನಲ್ಲೇ ನಿಂತ. ಆ ವಾರಗಳಲ್ಲೆಲ್ಲ ಅಪ್ಪನೂ ಒಮ್ಮೆಯೂ ಗುನುಗಿರಲಿಲ್ಲ, ದಬ್ಬಳ ಬರೀ ಮೌನದಲ್ಲಿ ಹೋಗಿ ಬರುತ್ತಿತ್ತು ಎಂಬುದು ಅವಳಿಗೆ ಈಗ ಹೊಳೆಯಿತು.

ಅವನು ಬಗ್ಗಿ ತಟ್ಟೆಯನ್ನು ಕಾಗದದ ಕಟ್ಟಿಗೆ ಹೇರಿದ್ದ ಕಬ್ಬಿಣದ ಭಾರದ ಮೇಲೆ ಇಟ್ಟ. ಕಬ್ಬಿಣದ ಮೇಲೆ ಸ್ಟೀಲು ಇಳಿಯಿತು. ಅವಳ ಭುಜ ಬಿಗಿಯಿತು. ಸದ್ದಾಗಲಿಲ್ಲ.

ಅಪ್ಪ ತಟ್ಟೆಯನ್ನು ಮತ್ತೆ ಎತ್ತಿ ಅವಳ ಕೈಗೆ ಕೊಟ್ಟ. ತಟ್ಟೆಯ ತಳದಲ್ಲಿ ಬೆರಳಿಗೆ ಬಟ್ಟೆ ತಾಗಿತು. ಪುಸ್ತಕದ ರಟ್ಟಿಗೆ ಹಾಕುವ ಬೈಂಡಿಂಗ್ ಬಟ್ಟೆ, ಅಂಚು ಸರಿಯಾಗಿ ಕತ್ತರಿಸಿ ಗುಂಡಗೆ ಅಂಟಿಸಿದ್ದು. ಒಂದು ರಾತ್ರಿ ಭಾರ ಹೇರಿ ಒಣಗಿಸದೆ ಯಾವ ಪುಸ್ತಕವನ್ನೂ ಗಿರಾಕಿಯ ಕೈಗೆ ಕೊಡದವನು ಇದನ್ನು ಒಣಗಲು ಬಿಟ್ಟಿರಲಿಲ್ಲ. ಅನ್ನದ ಬಿಸಿಗೆ ಅಂಟು ಸಡಿಲಾಗಿ ಅವಳ ಬೆರಳುಗಳಿಗೆ ಮೆತ್ತಿಕೊಂಡಿತು.

ಅವಳು ತಟ್ಟೆಯನ್ನು ಕೆಳಗಿಡಲಿಲ್ಲ.